ಸಿಇಟಿಯೊಳಗ ಟೈಮ್ ಸಾಲಂಗಿಲ್ಲ, ಉಳಿದ ಪ್ರಶ್ನೆ ಬಿಡಬೇಕಾ ತುಂಬಬೇಕಾ?

ಮಾಡೆಲ್ ಪೇಪರ್ ಬರಿವಾಗ ಮ್ಯಾಥ್ಸ್‌ನ್ಯಾಗ 12-15 ಪ್ರಶ್ನೆ ಉಳಿತಾವ, ಹಂಗ ಖಾಲಿ ಬಿಡ್ಲಾ ಅಂತ ಕೇಳೀರಿ. ಬಿಡಲೇಬ್ಯಾಡ್ರಿ. ಕೆಸಿಇಟಿಗೆ, ಅಂದ್ರ ನಮ್ಮ ಕರ್ನಾಟಕದ ಸಿಇಟಿಗೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ನೀಟ್‌ನ್ಯಾಗ ತಪ್ಪಾದ್ರ ಒಂದು ಮಾರ್ಕ್ ಹೋಗ್ತದ, ಅದಕ್ಕ ಅಲ್ಲಿ ಡೌಟ್ ಇದ್ರ ಬಿಡು ಅಂತಾರ, ಆ ಮಾತು ಇಲ್ಲಿಗೆ ತರಬ್ಯಾಡ್ರಿ.

ನಾನು ಸಿಂಧನೂರು ಕಡೆಯವ, ರಾಯಚೂರಿನ್ಯಾಗ ಸೆಂಟರ್ ಬಿದ್ದಿತ್ತು. ಉತ್ತರ ಎಲ್ಲಾ ಪ್ರಶ್ನೆಪತ್ರಿಕೆ ಮ್ಯಾಲ ಟಿಕ್ ಹಾಕ್ಕೊಂತ ಹೋದೆ, ಕೊನಿಗೆ ಒಮ್ಮೆಲೇ ಓಎಂಆರ್ (ಸರ್ಕಲ್ ತುಂಬೋ ಉತ್ತರದ ಶೀಟ್) ತುಂಬಿದ್ರಾತು ಅಂತ, ಲಾಸ್ಟ್ ಬೆಲ್ ಹೊಡೆದಾಗ ಇನ್ನ 9 ಸರ್ಕಲ್ ಖಾಲಿ ಇದ್ವು, ಅದ್ರಾಗ ಆರು ನಾ ಬಿಡಿಸಿ ಉತ್ತರ ತೆಗೆದಿದ್ದ ಲೆಕ್ಕ. ಮೇಡಂ ಶೀಟ್ ಇಸ್ಕೊಂಡು ಹೋದ್ರು. ಊರು ಮುಟ್ಟೋತನಕ ಬಸ್ಸಿನ್ಯಾಗ ಯಾರ ಜೋಡಿನೂ ಮಾತಾಡ್ಲಿಲ್ಲ. ಅದಕ್ಕ ಹೇಳ್ತೀನಿ, ಒಂದು ಬಿಡಿಸಿದ್ರ ಆಗಿಂದಾಗಲೇ ಅದರ ಸರ್ಕಲ್ ತುಂಬ್ರಿ, ತುಂಬೋ ಮುಂಚೆ ನಂಬರ್ ನೋಡ್ರಿ, ನಡುವ ಒಂದು ಬಿಟ್ಟಿದ್ರ ಕೆಳಗಿನವು ಎಲ್ಲಾ ಒಂದು ಸಾಲು ಸರೀತಾವ. ಪೆನ್ನಿನಲ್ಲಿ ತುಂಬಿದ ಮ್ಯಾಲ ಅಳಸಾಕ ಬರಂಗಿಲ್ಲ.

80 ನಿಮಿಷಕ್ಕ 60 ಪ್ರಶ್ನೆ, ಅಂದ್ರ ಒಂದಕ್ಕ 80 ಸೆಕೆಂಡ್. ಮೊದಲ ಸುತ್ತಿನ್ಯಾಗ 60ನ್ನೂ ಒಮ್ಮೆ ನೋಡಿ ಮುಗಸ್ರಿ, ಒಂದೂವರೆ ನಿಮಿಷ ಹಿಡಿಯುವಂಗ ಕಂಡ್ರ ಗುರುತು ಹಾಕಿ ಮುಂದ ಹೋಗ್ರಿ, ಯಾಕಂದ್ರ ದೊಡ್ಡ ಇಂಟಿಗ್ರೇಶನ್‌ಗೂ ಒಂದೇ ಮಾರ್ಕು ಸಣ್ಣ ಫಾರ್ಮುಲಾಕ್ಕೂ ಒಂದೇ ಮಾರ್ಕು. ಎರಡನೇ ಸುತ್ತಿನ್ಯಾಗ ಬಿಟ್ಟಿದ್ದು ಹಿಡೀರಿ. ಮ್ಯಾಥ್ಸ್‌ನ್ಯಾಗ ಎಲ್ಲಾ ಬಿಡಿಸಬೇಕಂತೇನಿಲ್ಲ, x ಜಾಗಕ್ಕ 0 ಅಥವಾ 1 ಹಾಕಿ ಆಪ್ಶನ್‌ಗೆ ತಾಳೆ ನೋಡಿದ್ರ ಎಷ್ಟೋ ಸಲ ಎರಡು ಆಪ್ಶನ್ ಅಲ್ಲೇ ಹಾರಿ ಹೋಗ್ತಾವ, ಫಿಸಿಕ್ಸ್‌ನ್ಯಾಗ ಯೂನಿಟ್ ನೋಡಿದ್ರೂ ಅಷ್ಟೇ, ಟೈಮ್ ಕೇಳ್ಯಾರ ಅಂದ್ರ ಸೆಕೆಂಡ್ ಬರದ ಆಪ್ಶನ್ ತೆಗೆದು ಹಾಕ್ರಿ. ನಾಕರಾಗ ಎರಡು ತೆಗೆದ್ರ ಊಹೆನೂ ಅರ್ಧಕ್ಕರ್ಧ ಹತ್ತುತದ. ಕೊನಿ ಐದು ನಿಮಿಷ ಮಾತ್ರ ಏನೂ ಬಿಡಿಸಬ್ಯಾಡ್ರಿ, ಖಾಲಿ ಉಳಿದಿದ್ದೆಲ್ಲಾ ತುಂಬ್ರಿ.

ಒಳಗ ವಾಚ್ ಬಿಡಂಗಿಲ್ಲ. ಅದಕ್ಕ ಮನ್ಯಾಗ ಹಳೇ ಪೇಪರ್ ಬರಿವಾಗ ವಾಚ್ ನೋಡ್ದ ಬರ್ದು, ಇಷ್ಟಕ್ಕ ಎಷ್ಟು ನಿಮಿಷ ಆಗಿರಬಹುದು ಅಂತ ಅಂದಾಜು ಮಾಡಿ ಆಮ್ಯಾಲ ನೋಡ್ರಿ. ಬೆಳಗ್ಗೆ 10.30ಕ್ಕ ಒಂದು, ಮಧ್ಯಾಹ್ನ 2.30ಕ್ಕ ಒಂದು, ಪರೀಕ್ಷೆ ಟೈಮಿಗೇ ಕುಂದರ್ರಿ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ನಡುವಿನ ಬ್ರೇಕ್‌ನ್ಯಾಗ ಒಗ್ಗರಣಿ ಮಿರ್ಚಿ ತಿಂದ್ರ ಕಣ್ಣು ಎಳಿತಾವ, ಮೊಸರನ್ನ ಒಯ್ಯಿರಿ ಸಾಕು.

ನೀವು ಕೇಳಿಲ್ಲ, ಆದ್ರ ಇದು ತಪ್ಪಿದ್ರ ಓದಿದ್ದೆಲ್ಲಾ ಅರ್ಧ ಹೋದಂಗ. ಕಲ್ಯಾಣ ಕರ್ನಾಟಕದವರಿಗೆ ಸೀಟು ಮೀಸಲು ಕೊಡೋ 371ಜೆ ಸರ್ಟಿಫಿಕೇಟ್ ಮಾಡಿಸೀರಾ? ನಮ್ಮ ಭಾಗದ ಕಾಲೇಜಿನ್ಯಾಗ 70 ಪರ್ಸೆಂಟ್ ಸೀಟು ನಮ್ಮವರಿಗೇ, ಹೊರಗ ಬೆಂಗಳೂರು ಮೈಸೂರು ಕಡೆನೂ 8 ಪರ್ಸೆಂಟ್ ಅದ. ಅಸಿಸ್ಟೆಂಟ್ ಕಮಿಷನರ್ (ಎಸಿ) ಸಹಿ ಆಗಿ ಬರಾಕ ದಿನ ಹಿಡಿತದ, ಅಪ್ಪಾರ್ನ ಕರ್ಕೊಂಡು ಈ ವಾರನೇ ತಹಶೀಲ್ದಾರ್ ಆಫೀಸಿಗೆ ಹೋಗಿ ಬರ್ರಿ.