ಉಂಗುರದೊಳಗಿನ ಚುಕ್ಕೆ

ಪ್ರಶ್ನೆ: ಹದಿನೈದು ವರ್ಷದ ಮಗನಿಗೆ ಮೊದಲ ಬಾರಿ ಫಿಟ್ಸ್ ಬಂತು. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ಉಂಗುರದಂಥ ಗುರುತು ಕಂಡಿದೆ. ಒಬ್ಬ ವೈದ್ಯರು ಟಿ.ಬಿ. ಗಂಟು ಎನ್ನುತ್ತಾರೆ, ಇನ್ನೊಬ್ಬರು ಹುಳು ಎನ್ನುತ್ತಾರೆ. ನಾವು ಮಾಂಸ ಮುಟ್ಟದವರು, ಎಲೆಕೋಸಿನಿಂದ ಬಂತೇ? ಫೋಟೋ ಕಳುಹಿಸಿದ್ದೇನೆ, ಯಾವುದೆಂದು ತಿಳಿಸಿ.

ಉತ್ತರ: ಈ ಫೋಟೋ ನೋಡಿ ನಾನು ಹೇಳುವುದಿಲ್ಲ. ಟ್ಯೂಬ್‌ಲೈಟಿಗೆ ಹಿಡಿದ ಫಿಲ್ಮನ್ನು ಮೊಬೈಲಿನಲ್ಲಿ ತೆಗೆದಿದ್ದೀರಿ. ನೋಡಬೇಕಾದ ಉಂಗುರದ ಮೇಲೆಯೇ ಬೆಳಕಿನ ಗೀರು ಬಿದ್ದಿದೆ. ಇಂಥ ಫೋಟೋಗಳು ಬರುತ್ತಲೇ ಇರುತ್ತವೆ. ಮಗುವಿನ ಮಿದುಳಿನ ಬಗ್ಗೆ ಹೀಗೆ ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಇಬ್ಬರು ವೈದ್ಯರು ಎರಡು ಮಾತು ಹೇಳಿದರೆಂದು ಸಿಟ್ಟಾಗಬೇಡಿ. ನಮ್ಮಲ್ಲಿ ಎರಡೂ ಕಾಯಿಲೆಗಳಿವೆ, ಎರಡೂ ಉಂಗುರವಾಗಿಯೇ ಕಾಣುತ್ತವೆ. ಮೊದಲು ಅಳತೆ ತೆಗೆಯುತ್ತೇನೆ. 20 ಮಿಲಿಮೀಟರಿಗಿಂತ ಚಿಕ್ಕದಾಗಿ, ಅಂಚು ನಯವಾಗಿದ್ದರೆ ಮನಸ್ಸು ಹುಳುವಿನ ಕಡೆ ವಾಲುತ್ತದೆ. ಅದಕ್ಕಿಂತ ದೊಡ್ಡದು, ಅಂಚು ಅಂಕುಡೊಂಕು, ಮಿದುಳಿನ ನಡುಗೆರೆಯೇ ಪಕ್ಕಕ್ಕೆ ಸರಿದಿದೆ ಎಂದರೆ ಟಿ.ಬಿ. ಅನುಮಾನ ಬಲವಾಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1990ರ ದಶಕದಲ್ಲಿ ಕೊಟ್ಟ ಅಳತೆಗೋಲು ಇದು. ಆದರೂ ಚಿಕ್ಕ ಟಿ.ಬಿ. ಗಂಟು ಇಲ್ಲವೆಂದಲ್ಲ.

ಆಮೇಲೆ ಚುಕ್ಕೆ ಹುಡುಕುತ್ತೇನೆ. ಉಂಗುರದೊಳಗೆ ಒಂದು ಮಗ್ಗುಲಿಗೆ, ಸಾಸಿವೆ ಕಾಳಿನಷ್ಟು. ಅದು ಲಾಡಿಹುಳುವಿನ ಮರಿಯ ತಲೆ. ಸ್ಪಷ್ಟವಾಗಿ ಕಂಡರೆ ವಾದವೇ ಮುಗಿಯಿತು. ಆದರೆ ಅದು ಸ್ಕ್ಯಾನಿನ ಒಂದೆರಡು ಪದರಗಳಲ್ಲಷ್ಟೇ ಕಾಣುತ್ತದೆ, ನಿಮ್ಮ ಫಿಲ್ಮಿನಲ್ಲಿ ಆ ಪದರ ಅಚ್ಚಾಗಿರದೆಯೂ ಇರಬಹುದು. ಅದಕ್ಕೇ ಪೂರ್ತಿ ಸಿಡಿ ಕೇಳುವುದು.

ಸಸ್ಯಾಹಾರಿಗಳಿಗೂ ಇದು ಬರುತ್ತದೆ. ಸರಿಯಾಗಿ ಬೇಯದ ಹಂದಿಮಾಂಸದಿಂದ ಲಾಡಿಹುಳು ಕರುಳಿನಲ್ಲಿ ಬೆಳೆಯುತ್ತದೆ. ಮಿದುಳಿಗೆ ಹೋಗುವುದು ಆ ಹುಳು ಇರುವವರ ಮಲದ ಮೂಲಕ ಹರಡುವ ಮೊಟ್ಟೆಯಿಂದ. ತೊಳೆಯದ ಕೈ, ಕೊಳಕು ನೀರು, ಹಸಿ ಸೊಪ್ಪು, ಯಾವುದಾದರೂ ಸಾಕು. ಎಲೆಕೋಸೊಂದನ್ನೇ ದೂರಿ ಫಲವಿಲ್ಲ.

ದಯವಿಟ್ಟು ಅಂಗಡಿಯಿಂದ ಹುಳು ಕೊಲ್ಲುವ ಮಾತ್ರೆ ಆಲ್ಬೆಂಡಜೋಲ್ ತಂದು ನುಂಗಿಸಬೇಡಿ. ಹುಳು ಸಾಯುವಾಗ ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ಕಣ್ಣಿನಲ್ಲೂ ಹುಳುವಿದ್ದರೆ ದೃಷ್ಟಿಗೇ ಅಪಾಯ. ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ, ನರರೋಗ ತಜ್ಞರು ಹೇಳಿದ ದಿನಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿ. ಒಂಟಿ ಹುಳುವಿನ ಗಂಟು ಎಷ್ಟೋ ಬಾರಿ ತಾನಾಗಿ ಕರಗುತ್ತದೆ. ಕೈಗೆ ಕಬ್ಬಿಣ ಹಿಡಿಸುವುದು, ಚಪ್ಪಲಿ ಮೂಸಿಸುವುದು ಶುದ್ಧ ಮೌಢ್ಯ. ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಎಂಆರ್‌ಐಯಿಂದ ವಿಕಿರಣ ತಗಲುತ್ತದೆಯೇ?

ಇಲ್ಲ. ಅದು ಅಯಸ್ಕಾಂತ. ಎಷ್ಟು ಬಾರಿ ಹೇಳಲಿ?

ಪ್ರಶ್ನೆ: ಕಿಡ್ನಿಯ ಹರಳನ್ನು ಬಾಯಿಂದ ಹೀರಿ ತೆಗೆಯುವವರ ಬಳಿ ಹೋಗಬಹುದೇ?

ಅದು ಮೋಸ. ಹೀರಿಸಿಕೊಂಡು ಬಂದವರ ಹರಳು ನನ್ನ ಸ್ಕ್ಯಾನಿನಲ್ಲಿ ಇದ್ದಲ್ಲೇ ಇತ್ತು.

ಪ್ರಶ್ನೆ: ‘ರೋಗಲಕ್ಷಣಗಳೊಂದಿಗೆ ತಾಳೆ ನೋಡಿ’ ಎಂದು ವರದಿಯ ಕೊನೆಗೆ ಬರೆಯುವುದು ನುಣುಚಿಕೊಳ್ಳುವುದಲ್ಲವೇ?

ಅಲ್ಲ. ನನಗೆ ಬರುವ ಚೀಟಿಯಲ್ಲಿ ಎಷ್ಟೋ ಸಲ ‘ತಲೆ ಸ್ಕ್ಯಾನ್’ ಎಂದಷ್ಟೇ ಇರುತ್ತದೆ. ಜ್ವರವಿತ್ತೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ ಎಂದು ತಿಳಿಯದೆ ಉಂಗುರಕ್ಕೆ ಹೆಸರಿಡಲಾರೆ. ಇವನ್ನು ಒಂದು ಹಾಳೆಯಲ್ಲಿ ಬರೆದು, ಹಳೆಯ ಸ್ಕ್ಯಾನಿನ ಸಿಡಿಯೊಂದಿಗೆ ತನ್ನಿ.