ಕಾರ್ಡಿನಲ್ ಮೀನುಗಳ ಜಗಳ

ಪ್ರಶ್ನೆ: ನಮ್ಮ 250 ಲೀಟರ್ ರೀಫ್ ಟ್ಯಾಂಕ್‌ಗೆ (ಹವಳವಿರುವ ಉಪ್ಪುನೀರಿನ ಅಕ್ವೇರಿಯಂ) ಫಾರ್ಮ್‌ನಲ್ಲಿ ಮರಿ ಮಾಡಿಸಿದ ಆರು ಬಾಂಗ್ಗಾಯ್ ಕಾರ್ಡಿನಲ್ ಬಿಟ್ಟಿದ್ದೆವು. ಮೊದಲು ಒಟ್ಟಿಗೇ ಇದ್ದವು. ಈಗ ಎರಡು ಜೊತೆಯಾಗಿ ಉಳಿದವನ್ನು ಮೂಲೆಗೆ ಅಟ್ಟುತ್ತಿವೆ, ಒಂದರ ರೆಕ್ಕೆ ಹರಿದಿದೆ. ಇನ್ನೂ ನಾಲ್ಕು ತಂದರೆ ಸರಿಹೋಗುತ್ತಾ? ಮಳೆಗಾಲದಲ್ಲಿ ಏನು ಎಚ್ಚರ ಬೇಕು? ಮಂಗಳೂರಿನಿಂದ ಸಮುದ್ರದ ನೀರೇ ತರಬಹುದಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ತರಬೇಡಿ. ಸುಮ್ನೆ ಇನ್ನೂ ನಾಲ್ಕು ಮೀನು ಸಾಯಿಸಿದ ಹಾಗೆ. ಬಾಂಗ್ಗಾಯ್ ಮೀನು ಗುಂಪಾಗಿರುವುದು ಮರಿಯಾಗಿದ್ದಾಗ. ಅಂಗಡಿಯವರು ತೋರಿಸುವುದೂ ಆ ಮರಿಗಳನ್ನೇ, ಅದಕ್ಕೇ ಎಲ್ಲರೂ ಮೋಸಹೋಗುತ್ತಾರೆ. ಬೆಳೆದ ಮೇಲೆ ಗಂಡು ಹೆಣ್ಣು ಜೊತೆಯಾದರೆ ಟ್ಯಾಂಕ್ ಪೂರ್ತಿ ತಮ್ಮದೇ ಅಂತ ನಡೆದುಕೊಳ್ಳುತ್ತವೆ, ಓಡಿಹೋಗಲು ಜಾಗವಿಲ್ಲದ ಉಳಿದ ಮೀನುಗಳು ಒಂದೊಂದಾಗಿ ಸಾಯುತ್ತವೆ. ಜೋಡಿಯನ್ನು ಉಳಿಸಿಕೊಂಡು ಮಿಕ್ಕ ನಾಲ್ಕನ್ನು ಇವತ್ತೇ ಬೇರೆ ಟ್ಯಾಂಕ್‌ಗೆ ಹಾಕಿ. ರೆಕ್ಕೆ ಹರಿದದ್ದು ನೀರು ಚೆನ್ನಾಗಿದ್ದರೆ ತಾನಾಗಿ ಬೆಳೆಯುತ್ತದೆ.

ಗುಂಪೇ ಬೇಕು ಅಂದರೆ ಪೈಜಾಮ ಕಾರ್ಡಿನಲ್ ನೋಡಿ. ಕೆಂಪು ಕಣ್ಣು, ಬಾಲದ ಕಡೆ ಚುಕ್ಕೆ, ಸಾಧು ಸ್ವಭಾವ. ದೊಡ್ಡದಾದರೂ ಒಟ್ಟಿಗಿರುತ್ತವೆ. ಆದರೆ ಜೋಡಿಯ ಜೊತೆಗೇ ಬಿಡಬೇಡಿ, ಆ ಜೋಡಿ ಇವನ್ನೂ ಕಾಡಬಹುದು.

ಫಾರ್ಮ್‌ನ ಮೀನು ತಂದದ್ದು ಮಾತ್ರ ಒಳ್ಳೆಯ ಕೆಲಸ. ಇದರ ಊರು ಇಂಡೋನೇಷ್ಯಾದ ಬಾಂಗ್ಗಾಯ್ ದ್ವೀಪಗಳು. ಅಕ್ವೇರಿಯಂಗೆಂದು ಹಿಡಿದು ಹಿಡಿದು 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಕಡಲಿನಿಂದ ಹಿಡಿದು ತಂದವು ಇರಿಡೋವೈರಸ್ ಹೊತ್ತು ಬಂದು ಇದ್ದಕ್ಕಿದ್ದಂತೆ ಸಾಯುವುದೂ ಉಂಟು. ನಿಮ್ಮ ಜೋಡಿ ಮೊಟ್ಟೆ ಇಟ್ಟರೆ ಗಂಡು ಅದನ್ನು ಬಾಯಲ್ಲಿಟ್ಟುಕೊಂಡು ಸುಮಾರು 20 ದಿನ, ಮರಿ ಆದ ಮೇಲೂ ಕೆಲವು ದಿನ, ಏನೂ ತಿನ್ನುವುದಿಲ್ಲ. ಕಾಯಿಲೆ ಅಂತ ಔಷಧಿ ಹಾಕಲು ಹೋಗಬೇಡಿ! ಮರಿಗಳು ಪೂರ್ತಿ ಮೀನಿನ ರೂಪದಲ್ಲೇ ಹೊರಬರುತ್ತವೆ, ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಸಣ್ಣ ಸಿಗಡಿಯಂಥ ಜೀವಿ) ಕೊಟ್ಟರೆ ಸಾಕು.

ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಇರುವುದಿಲ್ಲ ಅಲ್ವಾ? ಮೊದಲು ಬೇಕಾದದ್ದು ನೀರಿನ ಓಡಾಟ, ಲೈಟ್ ಅಲ್ಲ. ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಹೀಟರ್‌ಗೆ ಇನ್ವರ್ಟರ್ ಹೆಚ್ಚು ಹೊತ್ತು ತಾಳುವುದಿಲ್ಲ, ಅದಕ್ಕೆ ಟ್ಯಾಂಕ್‌ನ ಸುತ್ತ ಕಂಬಳಿ ಸುತ್ತಿ. ಕರೆಂಟ್ ಇರುವಾಗ 25–26 ಡಿಗ್ರಿ ಕಾಪಾಡಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಜುಲೈನ ತೇವದ ಗಾಳಿಯಲ್ಲಿ ನೀರು ಅಷ್ಟಾಗಿ ಆವಿಯಾಗುವುದಿಲ್ಲ, ಬೇಸಿಗೆಯ ಲೆಕ್ಕದಲ್ಲೇ ಸಿಹಿನೀರು ಸುರಿಯುತ್ತಿದ್ದರೆ ಉಪ್ಪಿನಂಶ ಇಳಿಯುತ್ತದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ 1.025 ಸುತ್ತಮುತ್ತ ಇದೆಯಾ ನೋಡುತ್ತಿರಿ. ಉಪ್ಪಿನ ಚೀಲ ಬಿಗಿಯಾಗಿ ಕಟ್ಟಿಡಿ, ಇಲ್ಲದಿದ್ದರೆ ಕಲ್ಲಾಗುತ್ತದೆ.

ಮಂಗಳೂರಿನ ನೀರು ಮಳೆಗಾಲದಲ್ಲಂತೂ ಬೇಡ. ನೇತ್ರಾವತಿ ಕೆಂಪಾಗಿ ಹರಿದು ಸೇರುವ ಹೊತ್ತಿನಲ್ಲಿ ದಡದ ನೀರಲ್ಲಿ ಉಪ್ಪೂ ಕಡಿಮೆ, ಕೆಸರೂ ಜಾಸ್ತಿ. ಆರ್‌ಓ ನೀರಿಗೆ ರೀಫ್ ಉಪ್ಪು ಬೆರೆಸಿಕೊಳ್ಳಿ.