ಕಲಿಸಿದ್ದು ನಾನೇ, ಆದರೂ ಸಹಿ ಹಾಕಲು ಭಯ

ಪ್ರಶ್ನೆ: ನಾನು ಹಲವು ವರ್ಷಗಳಿಂದ ವಾರ್ಡ್ ನರ್ಸ್. ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ತಯಾರು ಮಾಡಲು ನನ್ನ ಜೊತೆ ಹಾಕಿದ್ದಾರೆ. ನನ್ನ ಪಾಲಿನ ರೋಗಿಗಳು ಮಾತ್ರ ಒಬ್ಬರೂ ಕಡಿಮೆಯಾಗಿಲ್ಲ. ಅವಳು ನಿಧಾನ, ಕೈ ನಡುಗುತ್ತದೆ. ಹೊತ್ತಾಗುತ್ತದೆ ಎಂದು ನಾನೇ ಮಾಡಿ ಮುಗಿಸುತ್ತೇನೆ. ಈಗ ಇನ್‌ಚಾರ್ಜ್ ಸಿಸ್ಟರ್, ಅವಳಿಗೆ ಯಾವ್ಯಾವ ಕೆಲಸ ಬರುತ್ತದೆ ಎಂಬ ಚೆಕ್‌ಲಿಸ್ಟ್‌ಗೆ ನನ್ನ ಸಹಿ ಕೇಳುತ್ತಿದ್ದಾರೆ. ಹಾಕಿದರೆ ರೋಗಿಗಳ ಚಿಂತೆ, ಹಾಕದಿದ್ದರೆ ಅವಳ ಕೆಲಸದ ಚಿಂತೆ. ಏನು ಮಾಡಲಿ?

ಉತ್ತರ: ಅವಳು ಮಾಡಿದ್ದನ್ನು ನೀವು ಕಣ್ಣಾರೆ ನೋಡಿದ್ದರೆ ಸಹಿ ಹಾಕಿ. ನೋಡದ್ದಕ್ಕೆ ಬೇಡ. ಪಾಪ ಅಂತಲೂ ಬೇಡ, ಮೇಲಿನವರು ಕೇಳಿದರು ಅಂತಲೂ ಬೇಡ. ಸಹಿ ಬಿದ್ದ ಮೇಲೆ ಅವಳು ಒಬ್ಬಳೇ ನೈಟ್ ಡ್ಯೂಟಿ ಮಾಡಬೇಕಾಗಬಹುದು, ಆಗ ಪಕ್ಕದಲ್ಲಿ ನೀವಿರುವುದಿಲ್ಲ, ಅಲ್ವಾ?

ಆದರೆ ಅವಳಿಗೆ ಕೆಲಸ ಬರುವುದಿಲ್ಲ ಎಂದು ಈಗಲೇ ತೀರ್ಮಾನಿಸಬೇಡಿ. ಎಲ್ಲವನ್ನೂ ನೀವೇ ಮಾಡಿದ್ದೀರಿ, ಹಾಗಾಗಿ ಅವಳಿಗೆ ಏನು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿಲ್ಲ. ನರ್ಸ್ ಹೇಗೆ ಹಂತಹಂತವಾಗಿ ಪಳಗುತ್ತಾಳೆ ಎಂದು 1984ರಲ್ಲಿ ಬರೆದ ಅಮೆರಿಕದ ನರ್ಸಿಂಗ್ ತಜ್ಞೆ ಪೆಟ್ರೀಷಿಯಾ ಬೆನ್ನರ್ 5 ಹಂತಗಳನ್ನು ಗುರುತಿಸಿದರು. ಅದರಲ್ಲಿ ಮೂರನೆಯದನ್ನು ಮುಟ್ಟಲೇ ಒಂದೇ ಬಗೆಯ ಕೆಲಸದಲ್ಲಿ 2-3 ವರ್ಷ ಬೇಕು. ನೀವು ರೋಗಿಯ ಮುಖ ನೋಡಿದ ತಕ್ಷಣ ಏನೋ ಸರಿಯಿಲ್ಲ ಅನ್ನುತ್ತೀರಿ. ಅವಳಿಗೆ ಕಾಣುವುದು ಚಾರ್ಟ್‌ನಲ್ಲಿರುವ ಬಿ.ಪಿ. ಮಾತ್ರ. ಅದಕ್ಕೇ ನಿಮ್ಮ ತಲೆಯಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳಿ: ಉಸಿರು ಜೋರಾಗಿದೆ, ಕೈ ತಣ್ಣಗಿದೆ, ಬೆಳಗ್ಗೆಯಿಂದ ಮೂತ್ರ ಕಡಿಮೆ, ಅದಕ್ಕೆ ಡಾಕ್ಟರಿಗೆ ಫೋನ್ ಮಾಡುತ್ತಿದ್ದೇನೆ ಅಂತ. ಸುಮ್ನೆ ನಿಮ್ಮ ಹಿಂದೆ ಓಡಾಡಿದರೆ ಇದು ಯಾರಿಗೂ ಬರುವುದಿಲ್ಲ.

ಎಲ್ಲರ ಕೆಲಸದಲ್ಲೂ ಚೂರುಚೂರು ಕೊಡುವ ಬದಲು ಇಬ್ಬರು ರೋಗಿಗಳನ್ನು ಪೂರ್ತಿ ಅವಳಿಗೇ ಬಿಡಿ, ಹಿಂದಿನ ಡ್ಯೂಟಿಯವರಿಂದ ಹ್ಯಾಂಡೋವರ್ ಕೇಳುವುದರಿಂದ ಹಿಡಿದು ಮುಂದಿನ ಡ್ಯೂಟಿಯವರಿಗೆ ಹೇಳುವವರೆಗೆ. ನೀವು ಪಕ್ಕದಲ್ಲಿ ನಿಲ್ಲಿ, ಕೈ ಹಿಂದೆ ಕಟ್ಟಿಕೊಂಡು. ಅಪಾಯ ಕಂಡರೆ ಮಾತ್ರ ತಡೆಯಿರಿ. ತಿದ್ದುವುದಿದ್ದರೆ ರೋಗಿಯ ಎದುರು ಬೇಡ. ವೇಗ ತಾನಾಗಿ ಬರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ), ಪೊಟ್ಯಾಸಿಯಂ ಡೋಸ್ ಲೆಕ್ಕ ಹಾಕುವುದು, ಇನ್ನೊಬ್ಬರಿಂದ ಬೇರೆಯಾಗಿ ಲೆಕ್ಕ ಹಾಕಿಸಿ ತಾಳೆ ನೋಡುವುದು, ರಕ್ತ ಕೊಡುವಾಗ ಮೊದಲ 15 ನಿಮಿಷ ರೋಗಿಯ ಬಳಿಯೇ ಇರುವುದು, ಇವುಗಳಲ್ಲಿ ಮಾತ್ರ ರಾಜಿ ಬೇಡವೇ ಬೇಡ.

ಇನ್‌ಚಾರ್ಜ್ ಬಳಿ ಬರಿಗೈಲಿ ಹೋಗಬೇಡಿ. ಚೆಕ್‌ಲಿಸ್ಟ್‌ನಲ್ಲಿ ನೋಡಿದ್ದು ಯಾವುದು, ಇನ್ನೂ ನೋಡಬೇಕಾದ್ದು ಯಾವುದು ಎಂದು ಗುರುತು ಮಾಡಿ. ಇನ್ನಷ್ಟು ದಿನ ಕೊಡಿ, ಅಷ್ಟು ದಿನ ನನ್ನ ರೋಗಿಗಳನ್ನು ಕಡಿಮೆ ಮಾಡಿ ಎಂದು ಬರೆದೇ ಕೊಡಿ. ಕಲಿಸುವುದೂ ಒಂದು ಕೆಲಸ. ಪೂರ್ತಿ ವಾರ್ಡಿನ ಹೊರೆ ಹೊರಿಸಿ ಅದನ್ನೂ ಮಾಡು ಅನ್ನುವುದು ನಿಮಗೂ ಅನ್ಯಾಯ, ಅವಳಿಗೂ ಅನ್ಯಾಯ.

ಆ ಕಾಗದ ಕೊಡುವ ಮೊದಲು ಅವಳಿಗೆ ತೋರಿಸಿ. ನಿನ್ನನ್ನು ತೆಗೆಸಲು ಅಲ್ಲ, ಸಮಯ ಕೇಳಲು ಬರೆಯುತ್ತಿದ್ದೇನೆ ಎಂದು ನೇರವಾಗಿ ಹೇಳಿ. ಯಾವುದಕ್ಕೆ ಜಾಸ್ತಿ ಹೆದರಿಕೆ ಎಂದು ಕೇಳಿ, ನಾಳೆಯ ಡ್ಯೂಟಿಯಲ್ಲಿ ಅದರಿಂದಲೇ ಶುರು ಮಾಡಿ.